ನನ್ನ ಬೆನ್ನು ಕಾಣುವ ಆಟ

ಮಾರ್ಚ್ 3, ಮಂಗಳವಾರ

ಮಧ್ಯಾಹ್ನ ತಮ್ಮ ಒಂದು ಕಪ್ಪು ಡಬ್ಬ ಹೊತ್ತುಕೊಂಡು ಬಂದ. ಅವನದು ವಿಡಿಯೋ ಗೇಮಿನ ಡಿಸ್ಕುಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ನಮ್ಮ ಟಿವಿಯ ಹಿಂದೆ ತಲೆ ತೂರಿಸಿ ವೈರು ಸಿಕ್ಕಿಸುತ್ತಲೇ, "ಅಕ್ಕಾ, ನಿನ್ನಿಂದ ಒಂದು ಉಪಕಾರ ಆಗ್ಬೇಕು," ಎಂದ. ಅಂಗಡಿಯ ಕಪಾಟಿನಲ್ಲಿ ಪ್ರತಿ ಆಟದ ಕೆಳಗೂ ಒಂದು ಚೀಟಿ ಅಂಟಿಸುತ್ತಾನಂತೆ, ಆಡಿದವರ ಅನಿಸಿಕೆ ಅಂತ. ಇಲ್ಲಿಯವರೆಗೆ ಬರೆದವರೆಲ್ಲ ಆಟದಲ್ಲಿ ಪಳಗಿದವರು. ಒಂದು ಸಲವೂ ಮುಟ್ಟದವರು ಏನನ್ನುತ್ತಾರೆ ಎಂದು ಅವನಿಗೆ ತಿಳಿಯಬೇಕಂತೆ.

"ನಾನೇ ಸಿಕ್ಕಿದ್ನಾ? ಬೇರೆ ಯಾರೂ ಇರ್ಲಿಲ್ವಾ?"

"ಮುಟ್ಟದವರು ಬೇಕಾದಷ್ಟು ಜನ ಇದಾರೆ. ಇಡೀ ದಿನ ಮನೇಲಿ ಕೂತು ಗೋಡೆ ನೋಡೋರು ನೀನೊಬ್ಳೇ."

ಗೋಡೆ ನೋಡುತ್ತಿರುವುದು ನಿಜ. ಡ್ರೈವಿಂಗ್ ಸ್ಕೂಲಿಗೆ ಹೋಗದೆ ತಿಂಗಳುಗಳಾದವು. ಕುತ್ತಿಗೆ ಸರಿಹೋಗಿದೆ, ಪಕ್ಕೆಲುಬು ಕೂಡಿದೆ, ಇನ್ನು ಆರಾಮಾಗಿ ಕೆಲಸಕ್ಕೆ ಹೋಗಿ ಎಂದು ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಅದರಲ್ಲಿ ಎಲುಬು ಮಾತ್ರ ಕಾಣುತ್ತದೆ.

ಚೀಟಿಗೆ ಎರಡು ಸಾಲು ತಮ್ಮನಿಗೆ. ಉಳಿದದ್ದು ಇಲ್ಲಿ, ನನಗೆ.

ಮಾರ್ಚ್ 5, ಗುರುವಾರ

ಮೊದಲ ಆಟ. ಒಬ್ಬಳು ಹುಡುಗಿ, ಬೆನ್ನಿಗೊಂದು ಚೀಲ, ಮುಂದೆ ಹುಲ್ಲುಗಾವಲು, ದೂರದಲ್ಲಿ ಬೆಟ್ಟ. ಎರಡೂ ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಮೇಲೆ ಎಡಗೈ ಹೆಬ್ಬೆರಳಿನಿಂದ ಅವಳನ್ನು ನಡೆಸಬೇಕು, ಬಲಗೈ ಹೆಬ್ಬೆರಳಿನಿಂದ ನೋಟ ತಿರುಗಿಸಬೇಕು. ಇಷ್ಟೇ ತಾನೆ ಎಂದುಕೊಂಡೆ. ಕಾಲಿಗೊಂದು ಕೆಲಸ, ಕೈಗೊಂದು ಕೆಲಸ, ಕಣ್ಣಿಗೊಂದು ಕೆಲಸ ಎಂದು ಅರ್ಧ ಊರಿಗೆ ಕಲಿಸಿದವಳು ನಾನು. ನನ್ನ ಎರಡು ಹೆಬ್ಬೆರಳು ಒಂದರ ಮಾತು ಒಂದು ಕೇಳಲಿಲ್ಲ. ಹುಡುಗಿ ಮರಕ್ಕೆ ಹಣೆ ಕೊಟ್ಟು ನಿಂತಳು, ಆಮೇಲೆ ಸೀದಾ ಹೊಂಡಕ್ಕೆ ಬಿದ್ದಳು.

"ನಿಧಾನ, ಅಕ್ಕಾ. ಗಾಬರಿ ಬೇಡ. ಮೊದಲು ನೋಡು, ಆಮೇಲೆ ಹೋಗು," ಎಂದ ತಮ್ಮ. ಅದು ನನ್ನದೇ ಮಾತು. ನನ್ನ ಶಿಷ್ಯರಿಗೆ ಎಷ್ಟು ಸಿಟ್ಟು ಬರುತ್ತಿತ್ತೆಂದು ಇವತ್ತು ಗೊತ್ತಾಯಿತು.

ಅವನು ಹೋದ ಮೇಲೆ ಒಬ್ಬಳೇ ಕೂತು ಮತ್ತೆ ಹಿಡಿದೆ. ಹುಲ್ಲಿನ ಮೇಲೆ ಗಾಳಿ ಹಾಯಿತು. ಸುಮ್ಮನೆ ಹಾಯಲಿಲ್ಲ, ದೂರದಿಂದ ಬಂದು, ಒಂದೊಂದೇ ಎಸಳನ್ನು ಬಗ್ಗಿಸಿ, ಹುಡುಗಿಯ ಕೂದಲು ಹಾರಿಸಿ, ಮುಂದಕ್ಕೆ ಹೋಯಿತು. ನಾನು ಏನೂ ಒತ್ತಿರಲಿಲ್ಲ. ನಾನು ನೋಡಲಿ ಬಿಡಲಿ, ಅಲ್ಲಿ ಗಾಳಿ ಬೀಸುತ್ತಲೇ ಇರುತ್ತದೆ! ಕಣ್ಣು ಬಾಯಿ ಬಿಟ್ಟು ನೋಡಿದೆ. ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿದ್ದೇ ತಿಳಿಯಲಿಲ್ಲ.

ಚೀಟಿಗೆ: "ಹುಲ್ಲು ನೋಡುವುದಕ್ಕಾದರೂ ಆಡಿ. ಹಾಲು ಒಲೆಯ ಮೇಲಿಡಬೇಡಿ."

ಮಾರ್ಚ್ 8, ಭಾನುವಾರ

ತಮ್ಮ ಪಕ್ಕದಲ್ಲಿ ಕೂತು ನೋಡುತ್ತಿದ್ದ. ನಾನು ನಾಲ್ಕು ಹೆಜ್ಜೆ ನಡೆಸುವುದು, ನೋಟ ಹಿಂದಕ್ಕೆ ತಿರುಗಿಸುವುದು, ಮತ್ತೆ ನಾಲ್ಕು ಹೆಜ್ಜೆ.

"ಯಾಕಕ್ಕಾ ಹಿಂದೆ ಹಿಂದೆ ನೋಡ್ತೀಯಾ? ಅಲ್ಲೇನೂ ಇಲ್ಲ. ಬಂದಿದ್ದೇ ಆ ಕಡೆಯಿಂದ."

"ಕನ್ನಡಿ ನೋಡೋ ಅಭ್ಯಾಸ," ಎಂದೆ. ಅವನು ಒಪ್ಪಿಕೊಂಡಂತೆ ತಲೆಯಾಡಿಸಿದ. ಒಪ್ಪಿರಲಿಕ್ಕಿಲ್ಲ.

ಅಭ್ಯಾಸವಲ್ಲ. ಬರೆದರೆ ಸ್ವಲ್ಪ ಹಗುರಾದೀತೇನೋ, ಬರೆಯುತ್ತೇನೆ. ಸೇತುವೆಯ ತುದಿಯ ಸಿಗ್ನಲ್. ಕೆಂಪು. ಸ್ಟೀರಿಂಗ್ ಹಿಡಿದಿದ್ದವಳು ಕ್ಲಚ್ಚಮ್ಮ. ಕ್ಲಚ್ಚಿನಿಂದ ಕಾಲು ತೆಗೆಯಲು ಪ್ರಾಣ ಬಿಡುತ್ತಿದ್ದಳೆಂದು ನಾನಿಟ್ಟ ಹೆಸರು. ನರ್ಸು, ಬಾಣಂತಿಯರನ್ನು ಮನೆಗೇ ಹೋಗಿ ನೋಡುವ ಕೆಲಸ ಸಿಗಬೇಕಾದರೆ ಲೈಸೆನ್ಸ್ ಬೇಕು. ಪಕ್ಕದ ಸೀಟಿನಲ್ಲಿ ನಾನು. ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲಡಿಯೂ ಒಂದು ಬ್ರೇಕು ಇರುತ್ತದೆ, ಅವತ್ತು ಅದನ್ನು ಮುಟ್ಟುವ ಅಗತ್ಯವೇ ಬರಲಿಲ್ಲ. ಬೆಣ್ಣೆಯಂತೆ ನಿಲ್ಲಿಸಿದ್ದಳು. "ಶಭಾಷ್" ಎಂದೆ. ಆ ಮಾತು ಮುಗಿಯುವ ಮೊದಲೇ ಹಿಂದಿನಿಂದ ಲಾರಿ.

ಓಡುತ್ತಿದ್ದಾಗ ಆಗಿದ್ದರೆ ಇಷ್ಟು ಕಾಡುತ್ತಿರಲಿಲ್ಲ. ನಾವು ನಿಂತಿದ್ದೆವು. ಮಾಡಬೇಕಾದ್ದನ್ನೆಲ್ಲ ಸರಿಯಾಗಿ ಮಾಡಿ ನಿಂತಿದ್ದೆವು. ನನಗೆ ಕಾರು ಓಡಿಸುವ ಭಯವಿಲ್ಲ, ಯಾರೂ ನಂಬುವುದಿಲ್ಲ. ನಿಲ್ಲಿಸುವ ಭಯ. ನಿಲ್ಲಿಸಲಾಗದವಳು ಓಡಿಸುವುದು ಹೇಗೆ?

ಮಾರ್ಚ್ 9, ಸೋಮವಾರ

ಇವತ್ತು ಹೊಳೆಯಿತು. ಈ ಆಟದಲ್ಲಿ ಹುಡುಗಿಯ ಮುಖವೇ ಕಾಣುವುದಿಲ್ಲ. ಕಾಣುವುದು ಬೆನ್ನು. ಹುಡುಗಿ ಎಂದರೆ ನಾನು, ಅಂದರೆ ನನ್ನ ಬೆನ್ನನ್ನು ನಾನೇ ನೋಡುತ್ತಿದ್ದೇನೆ! ಇಷ್ಟು ವರ್ಷ ಬದುಕಿ ಒಂದು ಸಲವೂ ನೋಡದ ನನ್ನ ಬೆನ್ನು. ಇಡೀ ದಾರಿ ನಾನು ನನ್ನ ಹಿಂದೆಯೇ ಬರುತ್ತಿರುತ್ತೇನೆ, ಕಾವಲಿನವಳ ಹಾಗೆ. ಇದನ್ನು ಮೊದಲು ಯೋಚಿಸಿದವರು ಯಾರೋ, ಅವರ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸಿತು.

ಬೆಟ್ಟದ ತುದಿ ಮುಟ್ಟಿದೆ. ಮೇಲಿನಿಂದ ನೋಡಿದರೆ ಆ ಹೊಂಡ, ಆ ಮರ, ಬಂದ ದಾರಿ ಎಲ್ಲ ಅಲ್ಲಲ್ಲೇ ಇದ್ದವು. ಕಣ್ಣಲ್ಲಿ ನೀರು ಬಂತು. ವಿಡಿಯೋ ಗೇಮಿಗೆ ಅತ್ತೆ ಎಂದು ಇವರಿಗೆ ಹೇಳಿಲ್ಲ. ಹೇಳಿದರೆ ನನ್ನ ಕಣ್ಣು ಪರೀಕ್ಷೆ ಮಾಡಿಸುತ್ತಾರೆ, ಕನ್ನಡಕದ ಅಂಗಡಿ ಇಟ್ಟ ಗಂಡ ಅಲ್ಲವೇ.

ಮಾರ್ಚ್ 12, ಗುರುವಾರ

ಬಣ್ಣದ ಇಟ್ಟಿಗೆ ಜೋಡಿಸುವ ಆಟ. ನನಗೆ ಬೇಸರ. ಇವರಿಗೆ ಹುಚ್ಚು. "ಮಕ್ಕಳಾಟ," ಎಂದು ಮೂಗು ಮುರಿದವರು ಊಟದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, "ಇರೇ, ಉದ್ದದ್ದೊಂದು ಬಂದ್ರೆ ಮುಗೀತು," ಅನ್ನುತ್ತ ಕೂತಿದ್ದಾರೆ. ಉದ್ದದ್ದು ಬರುತ್ತಲೇ ಇಲ್ಲ.

ಮಾರ್ಚ್ 14, ಶನಿವಾರ

ಸ್ಕೂಲಿನ ಯಜಮಾನರ ಫೋನು. ಹೊಸ ಕಾರು ಬಂದಿದೆ, ನನ್ನ ಸೀಟು ಏಪ್ರಿಲ್ ಮಧ್ಯದವರೆಗೆ ಖಾಲಿ ಇಡುತ್ತಾರಂತೆ, ಆಮೇಲೆ ಬೇರೆಯವರನ್ನು ತೆಗೆದುಕೊಳ್ಳದೆ ವಿಧಿಯಿಲ್ಲ ಎಂದರು. ಒಳ್ಳೆಯ ಮನುಷ್ಯ, ದನಿಯಲ್ಲೇ ಸಂಕೋಚವಿತ್ತು. ಕ್ಲಚ್ಚಮ್ಮನ ಟೆಸ್ಟು ಏಪ್ರಿಲ್ ಹದಿನೈದಕ್ಕಂತೆ. ಬೇರೆ ಯಾರ ಪಕ್ಕವೂ ಕೂರುವುದಿಲ್ಲ ಎಂದು ಹಟ ಹಿಡಿದಿದ್ದಾಳಂತೆ. ನೋಡೋಣ ಎಂದೆ. ನೋಡುವುದು ಏನನ್ನು?

ಡಿಸ್ಕು ಬದಲಾಯಿಸಲು ತಮ್ಮನ ಅಂಗಡಿಗೆ ಹೋದೆ. ಸೇತುವೆ ದಾಟಿದರೆ ಅಂಗಡಿ ಅಲ್ಲೇ. ನಾನು ಮಾರ್ಕೆಟ್ ಸುತ್ತಿ ಹೋಗುವ ಬಸ್ಸು ಹತ್ತಿದೆ, ಡ್ರೈವರ್ ಬೆನ್ನಿಗೆ ಅಂಟಿದ ಸೀಟಿನಲ್ಲಿ ಕೂತೆ. ನನ್ನ ಹಿಂದೆ ಇಡೀ ಬಸ್ಸು ಇರಬೇಕು. ನಮ್ಮ ಕಾರು ಮನೆಯ ಮುಂದೆ ಹೊದಿಕೆ ಹೊದ್ದು ಮಲಗಿದೆ. ಬ್ಯಾಟರಿ ಸಾಯದಿರಲೆಂದು ಇವರು ಆಗಾಗ ಸ್ಟಾರ್ಟ್ ಮಾಡುತ್ತಾರೆ, ಆಗ ನಾನು ಹಿತ್ತಲಿಗೆ ಹೋಗುತ್ತೇನೆ.

ಮಾರ್ಚ್ 17, ಮಂಗಳವಾರ

ಸಮುದ್ರದ ಆಟ. ಏನು ಬರೆಯಲಿ! ಇದರಲ್ಲಿ ಗೆಲ್ಲುವುದಿಲ್ಲ, ಸೋಲುವುದಿಲ್ಲ, ನೀರಿನಲ್ಲಿ ಮುಳುಗಿ ಈಜುವುದು ಅಷ್ಟೇ. ಪರದೆ ಎಳೆದು, ಬಾಗಿಲು ಮುಚ್ಚಿ, ನಡುಮಧ್ಯಾಹ್ನದಲ್ಲಿ ನಾನು ಸಮುದ್ರದ ತಳಕ್ಕೆ ಹೋದೆ. ಬೆಳಕು ಮೇಲಿನಿಂದ ಉದ್ದುದ್ದ ಕೋಲಾಗಿ ಇಳಿಯುತ್ತಿತ್ತು. ಬೆರಳಷ್ಟು ಮೀನುಗಳು ಗುಂಪಾಗಿ ಬಂದು, ನನ್ನನ್ನು ಕಂಡು ಎರಡಾಗಿ ಸೀಳಿ, ಆ ಕಡೆ ಹೋಗಿ ಮತ್ತೆ ಒಂದಾದವು. ನನಗೆ ದಾರಿ ಬಿಟ್ಟುಕೊಟ್ಟವು. ಅಷ್ಟು ಶಿಸ್ತು ನಮ್ಮ ರಸ್ತೆಯಲ್ಲಿ ನಾನು ಕಂಡಿಲ್ಲ.

ಆಮೇಲೆ ನೀರು ಕಪ್ಪಾಯಿತು. ನೆರಳು. ಹಿಂದಿನಿಂದ ಬಂತು.

ಕುತ್ತಿಗೆಯ ನರ ಬಿಗಿದುಕೊಂಡಿತು, ಕೂತಲ್ಲೇ ಕಾಲು ನೆಲಕ್ಕೆ ಒತ್ತಿತು. ಗುಂಡಿ ಒತ್ತಿ ಓಡಬಹುದಿತ್ತು. ಯಾವ ಗುಂಡಿ ಎಂದು ಮರೆತೇಹೋಯಿತು. ನಿಂತುಬಿಟ್ಟೆ. ಅದು ಬಂತು, ನನ್ನ ತಲೆಯ ಮೇಲಿಂದಲೇ ಬಂತು. ತಿಮಿಂಗಿಲ. ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ಉದ್ದ. ಹೊಟ್ಟೆಯ ಮೇಲಿನ ಗೆರೆಗಳು, ಮೈಗೆ ಅಂಟಿದ ಚಿಪ್ಪುಗಳು, ಹಾದುಹೋಗುವಾಗ ನನ್ನತ್ತ ಒಂದು ಸಲ ಹೊರಳಿದ ಪುಟ್ಟ ಕಣ್ಣು. ಅದಕ್ಕೆ ನಾನಿದ್ದೇನೆಂದು ಗೊತ್ತಿತ್ತು! ನನಗೆ ತಾಗದಂತೆ ಬಾಲವನ್ನು ಮೆಲ್ಲಗೆ ಮೇಲಕ್ಕೆತ್ತಿಕೊಂಡು ಹೋಯಿತು.

ಅಷ್ಟು ದೊಡ್ಡದು, ಹಿಂದಿನಿಂದ ಬಂದು, ಏನೂ ಮಾಡದೆ ಹೋಯಿತು. ಮತ್ತೆ ಮತ್ತೆ ಅದೇ ಜಾಗಕ್ಕೆ ಹೋಗಿ ನಿಂತೆ. ಪ್ರತಿ ಸಲವೂ ಬಂತು. ಕೊನೆಯ ಸಲ ನಾನು ನೋಟ ಹಿಂದಕ್ಕೆ ತಿರುಗಿಸಲೂ ಇಲ್ಲ, ನೀರು ಕಪ್ಪಾಗುವುದನ್ನೇ ಕಾದೆ.

ಚೀಟಿಗೆ ಏನೂ ತೋಚಲಿಲ್ಲ. "ಇದನ್ನು ಬಾಡಿಗೆಗೆ ಕೊಡಬೇಡ, ಪುಣ್ಯಕ್ಕೆ ಕೊಡು," ಎಂದೆ. ತಮ್ಮ ಅದನ್ನೇ ಬರೆದು ಅಂಟಿಸಿದ್ದಾನಂತೆ, ಕತ್ತೆ.

ಮಾರ್ಚ್ 21, ಶನಿವಾರ

ಕಾರಿನ ಆಟ. ಕೇಳಿ ತಂದದ್ದು ನಾನೇ, ತಮ್ಮನನ್ನು ದೂರುವಂತಿಲ್ಲ. ದೊಡ್ಡ ಶಹರ, ಎಷ್ಟು ಚೆಂದದ ರಸ್ತೆ, ಮಳೆ ನಿಂತ ಟಾರಿನಲ್ಲಿ ಅಂಗಡಿಗಳ ದೀಪ ತಲೆಕೆಳಗಾಗಿ ಹೊಳೆಯುತ್ತಿತ್ತು. ಇಂಡಿಕೇಟರ್ ಗುಂಡಿ ಎಲ್ಲಿ ಎಂದು ಹುಡುಕಿದೆ, ತಮ್ಮ ಹೊಟ್ಟೆ ಹಿಡಿದು ನಕ್ಕ. ಈ ಆಟದಲ್ಲಿ ಎಲ್ಲರೂ ಫುಟ್‌ಪಾತ್ ಮೇಲೆ ಓಡಿಸುತ್ತಾರಂತೆ.

ಸಿಗ್ನಲ್ ಕೆಂಪಾಯಿತು. ನಿಲ್ಲಿಸಿದೆ. "ಅಕ್ಕಾ, ಇಲ್ಲಿ ನಿಲ್ಬೇಕಾಗಿಲ್ಲ." ನಾನು ನಿಂತೆ. ಪರದೆಯ ಮೇಲಿನ ಪುಟ್ಟ ಕನ್ನಡಿಯಲ್ಲಿ ಎರಡು ದೀಪ ದೊಡ್ಡದಾಗುತ್ತ ಬಂದವು.

ಕಂಟ್ರೋಲರ್ ನೆಲಕ್ಕೆ ಬಿತ್ತು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮಾರ್ಚ್ 22, ಭಾನುವಾರ

ಆಡಲಿಲ್ಲ.

ಮಾರ್ಚ್ 26, ಗುರುವಾರ

ಡಬ್ಬ ತೆಗೆದುಕೊಂಡು ಹೋಗು ಎಂದು ತಮ್ಮನಿಗೆ ಹೇಳಿದೆ. ಬಿಡುವಿಲ್ಲ ಎಂದ. ಸುಳ್ಳು.

ಮಾರ್ಚ್ 29, ಭಾನುವಾರ

ಬಾಗಿಲು ತೆಗೆದರೆ ಕ್ಲಚ್ಚಮ್ಮ! ಆಸ್ಪತ್ರೆಯಲ್ಲಿ ಹಾಕಿದ್ದ ಕುತ್ತಿಗೆಯ ಪಟ್ಟಿ ಹೋಗಿದೆ, ಮೈ ಕೈ ತುಂಬಿಕೊಂಡಿದ್ದಾಳೆ. ಇವರು ಕರೆಸಿದರೋ, ತಮ್ಮನೋ, ಯಜಮಾನರೋ, ಎಲ್ಲರೂ ಸೇರಿಯೋ ಗೊತ್ತಿಲ್ಲ. ನಾನು ಕ್ಷಮಿಸು ಎನ್ನುವ ಮೊದಲೇ ಅವಳು, "ಮೇಡಂ, ಶಭಾಷ್ ಅಂದಿದ್ರಿ. ಅದು ಲೆಕ್ಕಕ್ಕಿದೆಯಾ ಇಲ್ವಾ?" ಎಂದಳು. ಲೆಕ್ಕಕ್ಕಿದೆ ಎಂದೆ.

ಆಮೇಲೆ ಅವಳ ಕಣ್ಣು ಕಂಟ್ರೋಲರ್ ಮೇಲೆ ಬಿತ್ತು. "ಕಾರಿಂದು ಇದೆಯಾ?" ಇದೆ, ಬೇಡ ಎಂದೆ. "ನಾನು ಓಡಿಸ್ತೀನಿ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ," ಎಂದು ಸೋಫಾದಲ್ಲಿ ಜಾಗ ಮಾಡಿದಳು.

ಅದೇ ಶಹರ. ಕ್ಲಚ್ಚಮ್ಮ ಅಡ್ಡಾದಿಡ್ಡಿ ಹೊರಟಳು. ಕೂತು ನೋಡಲಾಗುತ್ತದೆಯೇ? "ಎಲ್ ಹೋಗ್ತಿದ್ದೀಯಾ? ಅದು ಹೂವಿನ ಕುಂಡ! ಕನ್ನಡಿ ನೋಡು. ಕನ್ನಡಿ! ಅಪ್ಪಾ ದೇವ್ರೇ, ಅದು ಮನುಷ್ಯ, ಅವನಿಗೂ ಮನೆ ಮಠ ಇದೆ!" ನನ್ನ ಕಾಲು ನೆಲದ ಹಾಸುಗಲ್ಲನ್ನು ಒತ್ತುತ್ತಲೇ ಇತ್ತು. ಒಂದು ತಿರುವಿನಲ್ಲಿ ಎಷ್ಟು ಜೋರಾಗಿ ಒತ್ತಿದೆನೆಂದರೆ ಚಪ್ಪಲಿ ಹಾರಿ ಟಿವಿಯ ಕೆಳಗೆ ಹೋಯಿತು. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಇವರು ಒಳಗಿನಿಂದ ಇಣುಕಿ ನೋಡಿ ಹೋದರು.

"ಸಿಗ್ನಲ್ ಕೆಂಪು, ಮೇಡಂ. ನಿಲ್ಸ್ಲಾ?"

"ಕೆಂಪಿಗೆ ನಿಲ್ಸದೆ?"

ನಿಲ್ಲಿಸಿದಳು. ಕಂಟ್ರೋಲರಿನಲ್ಲೂ ಬೆಣ್ಣೆಯಂತೆ. ಕನ್ನಡಿಯಲ್ಲಿ ಏನು ಬರುತ್ತಿತ್ತೋ ನಾನು ನೋಡಲಿಲ್ಲ, ಅವಳ ಹೆಬ್ಬೆರಳನ್ನು ನೋಡುತ್ತಿದ್ದೆ. ಗುಂಡಿಯನ್ನು ಪೂರ್ತಿ ಬಿಡದೆ ಅರ್ಧ ಹಿಡಿದಿದ್ದಳು, ಥೇಟ್ ಕ್ಲಚ್ಚಿನ ಹಾಗೆ. ಆ ಚಾಳಿ ಏಪ್ರಿಲ್ ಹದಿನೈದರೊಳಗೆ ಬಿಡಿಸಬೇಕು. ಪರೀಕ್ಷೆ ಮಾಡುವವರು ಮೊದಲು ನೋಡುವುದೇ ಅದನ್ನು.

ಏಪ್ರಿಲ್ 2, ಗುರುವಾರ

ತಮ್ಮ ಹೊಸ ಡಿಸ್ಕು ತಂದು, ಕೊಡಲೋ ಬೇಡವೋ ಎಂದು ಕೈಯಲ್ಲೇ ತಿರುಗಿಸುತ್ತಿದ್ದ. ಕಿತ್ತುಕೊಂಡೆ. ಲಾರಿ ಓಡಿಸುವ ಆಟ. ಓಟದ ಪಂದ್ಯವಲ್ಲ, ಸರಕು ತುಂಬಿಕೊಂಡು ಒಂದೂರಿನಿಂದ ಇನ್ನೊಂದೂರಿಗೆ ಹೋಗುವುದು.

ಮೊದಲ ಅಚ್ಚರಿ, ಎತ್ತರ. ಇಷ್ಟು ವರ್ಷ ರಸ್ತೆಯನ್ನು ಸೊಂಟದ ಎತ್ತರದಿಂದ ನೋಡಿದವಳು ಇವತ್ತು ಮಹಡಿಯ ಮೇಲಿಂದ ನೋಡಿದೆ. ಬೆಳಗಿನ ಜಾವ, ಎರಡೂ ಕಡೆ ಬಯಲು, ಮಂಜು ನೆಲಕ್ಕಂಟಿ ಮಲಗಿತ್ತು. ಸೂರ್ಯ ಹುಟ್ಟಿ ಕನ್ನಡಿಯೊಳಗೆ ಬಂದು ಕೂತ. ಲಾರಿಯ ಕನ್ನಡಿ ಎಷ್ಟು ದೊಡ್ಡದು! ನನ್ನ ಹಿಂದೆ ಉದ್ದಕ್ಕೂ ನನ್ನದೇ ಲಾರಿ. ಇಷ್ಟು ಭಾರ ಎಳೆದುಕೊಂಡು ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಹೋಗುವುದು ಒಂದು ಭಾಗ್ಯವೇ ಅನ್ನಿಸಿತು. ನಮಗೆ ಗುದ್ದಿದ ಆ ಲಾರಿಯವನು ದಿನಾ ಇದನ್ನು ನೋಡುತ್ತಿದ್ದನೇನೋ.

ಊರು ಬಂತು. ದೂರದಲ್ಲಿ ಒಂದು ಪುಟ್ಟ ಕಾರಿನ ಕೆಂಪು ದೀಪ ಹತ್ತಿತು. ಬ್ರೇಕ್ ಒತ್ತಿದೆ. ಲಾರಿ ನಿಲ್ಲಲಿಲ್ಲ! ಒತ್ತಿದ್ದೇನೆ, ಪೂರ್ತಿ ಒತ್ತಿದ್ದೇನೆ, ಬೆನ್ನ ಹಿಂದಿನ ಭಾರ ನನ್ನನ್ನು ಮುಂದಕ್ಕೆ ನೂಕುತ್ತಲೇ ಇದೆ. ಕಾರು ಹತ್ತಿರವಾಯಿತು. ಅದರ ಹಿಂದಿನ ಗಾಜು, ಅದರೊಳಗೆ ಎರಡು ತಲೆ. ನಿಲ್ಲು, ನಿಲ್ಲು ಎಂದು ಬಾಯಿಬಿಟ್ಟೇ ಕೂಗಿದೆ. ನಿಂತಿತು, ಕೂದಲೆಳೆಯ ಅಂತರದಲ್ಲಿ.

ಕಂಟ್ರೋಲರ್ ಕೆಳಗಿಡಲಿಲ್ಲ. ಬಚ್ಚಲಿಗೆ ಹೋಗಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಕೈಕಟ್ಟಿ ಕೂತಿದ್ದ ಆ ಲಾರಿಯವನು ಕಣ್ಣ ಮುಂದೆ ಬಂದ. ಬ್ರೇಕು ಹಿಡೀಲಿಲ್ಲ ಅಮ್ಮಾ, ಒತ್ತಿದ್ದೆ, ಹಿಡೀಲಿಲ್ಲ ಎಂದು ನನ್ನ ಮಂಚದ ಹತ್ತಿರ ಬಂದು ಅತ್ತಿದ್ದ. ಅವತ್ತು ಮುಖ ತಿರುಗಿಸಿದ್ದೆ. ಅವನೂ ಹೀಗೆಯೇ ಕೂಗಿರಬೇಕು. ನಮ್ಮ ಎರಡು ತಲೆ ಅವನಿಗೂ ಕಂಡಿರಬೇಕು. ಪಾಪ ಅನ್ನಿಸಿತು. ಮೊದಲ ಸಲ ಅನ್ನಿಸಿತು.

ಸಿಗ್ನಲ್ ಹಸಿರಾಯಿತು. ಪುಟ್ಟ ಕಾರು ಹೋಯಿತು. ನಾನು ಸರಕು ಮುಟ್ಟಿಸಿದೆ.

ಏಪ್ರಿಲ್ 4, ಶನಿವಾರ

ದಿನವೆಲ್ಲ ಲಾರಿ. ಈಗ ಕೆಂಪು ದೀಪ ಕಾಣುವ ಮೊದಲೇ ಕಾಲು, ಅಲ್ಲ, ಬೆರಳು ಸಜ್ಜಾಗುತ್ತದೆ. ಇವರು ಇಟ್ಟಿಗೆ ಆಡಲು ಸರದಿ ಕೇಳಿ ಕೇಳಿ ಸೋತರು. ಕಾರಿನ ಹೊದಿಕೆಯ ಮೇಲೆ ಬೆಕ್ಕು ಮಲಗಿ ಗಬ್ಬೆಬ್ಬಿಸಿದೆ. ತೆಗೆದು ನೆನೆಹಾಕಿದೆ.

ಏಪ್ರಿಲ್ 7, ಮಂಗಳವಾರ

ತಮ್ಮನ ಅಂಗಡಿಯ ಇನ್ನೊಂದು ಯಂತ್ರ ಕೆಟ್ಟಿದೆಯಂತೆ, ಇಲ್ಲಿರುವ ಡಬ್ಬವನ್ನು ಒಂದೆರಡು ವಾರ ಕೊಡು ಎಂದ. ಬೆಳಿಗ್ಗೆ ಕೊನೆಯದಾಗಿ ಒಂದು ಸಲ ಸಮುದ್ರಕ್ಕೆ ಹೋಗಿ ತಿಮಿಂಗಿಲವನ್ನು ನೋಡಿಬಂದೆ. ಬಾಲ ಎತ್ತಿಕೊಂಡು ಹೋಯಿತು, ಮಹಾರಾಣಿ.

ಡಬ್ಬವನ್ನು ಮುಂದಿನ ಸೀಟಿನಲ್ಲಿಟ್ಟು ಬೆಲ್ಟು ಬಿಗಿದೆ. ಒಳಗಿರುವುದು ಒಂದು ಸಮುದ್ರ, ಒಂದು ಬೆಟ್ಟ, ಕುಲುಕಬಾರದು. ಮಾರ್ಕೆಟ್ ರಸ್ತೆಯನ್ನು ಪೈಪಿಗೆಂದು ಅಗೆದುಹಾಕಿದ್ದಾರೆ, ಹಾಗಾಗಿ ಸೇತುವೆಯ ಮೇಲೆ ಹೋಗಬೇಕಾಯಿತು. ಜಿಟಿಜಿಟಿ ಮಳೆ. ಎಡಗಡೆಯ ವೈಪರ್ ಕಿರ್ರೋ ಎಂದು ಜೀವ ತಿಂದಿತು. ಸೇತುವೆಯ ತುದಿಯಲ್ಲಿ ಕೆಂಪು ಬಿತ್ತು. ಆ ಸಿಗ್ನಲ್ ಮೊದಲಿನಿಂದಲೂ ಸೋಮಾರಿ, ಹಸಿರಾಗುವುದಕ್ಕೆ ಯುಗ ಬೇಕು. ಅಷ್ಟು ಹೊತ್ತು ನಿಂತದ್ದೂ ಒಳ್ಳೆಯದೇ ಆಯಿತು, ನದಿಯ ಮೇಲೆ ಮೋಡ ಸರಿದು ಬೆಳಕು ಉದ್ದುದ್ದ ಕೋಲಾಗಿ ನೀರಿಗಿಳಿಯಿತು. ಅದೇ ಬೆಳಕು! ಆ ಸಮುದ್ರ ಮಾಡಿದವರು ಇಂಥ ಒಂದು ಸಿಗ್ನಲ್ಲಿನಲ್ಲಿ ನಿಂತು ನೋಡಿಯೇ ಮಾಡಿರಬೇಕು. ಎಷ್ಟು ಮೈಮರೆತೆನೆಂದರೆ ಹಿಂದಿನವನು ಹಾರ್ನ್ ಹೊಡೆದ. ಏನವಸರವೋ ಇವರಿಗೆ.

ಅಂಗಡಿಯ ಬಾಗಿಲಲ್ಲಿ ತಮ್ಮ ನಿಂತಿದ್ದ. ಡಬ್ಬ ಚಾಚಿದರೆ ತೆಗೆದುಕೊಳ್ಳಲಿಲ್ಲ. ನನ್ನ ಬೆನ್ನ ಹಿಂದೆ ರಸ್ತೆಯ ಕಡೆ ನೋಡುತ್ತಿದ್ದ.

"ಅಕ್ಕಾ, ಹೇಗ್ ಬಂದೆ?"

"ಹೇಗೆ ಅಂದ್ರೆ? ಸೇತುವೆ ಮೇಲೆ. ಆ ಕಡೆ ಅಗೆದಿದಾರಲ್ಲ. ಹಿಡ್ಕೋ ಇದನ್ನ, ಕೈ ಸೋತೋಯ್ತು."

ಹಿಡಿದುಕೊಂಡ. ಕಣ್ಣು ಒರೆಸಿಕೊಂಡು, ಧೂಳು ಎಂದ. ಮಳೆಯಲ್ಲಿ ಎಂಥ ಧೂಳು! ಈ ಅಂಗಡಿಯನ್ನು ಗುಡಿಸಿ ಎಷ್ಟು ಕಾಲವಾಯಿತೋ. ಲಾರಿ ಆಟದ ಚೀಟಿಗೆ ಅನಿಸಿಕೆ ಕೇಳಿದ. "ಮುಂದಿನ ಕಾರಿನಿಂದ ಅಂತರ ಇಟ್ಟುಕೊಳ್ಳಿ. ಅದರೊಳಗೆ ಜನ ಇದ್ದಾರೆ," ಎಂದು ಬರೆಸಿದೆ. ಅದನ್ನು ಬರೆಯುವುದಕ್ಕೆ ಅವನಿಗೆ ಇಷ್ಟು ಹೊತ್ತು ಯಾಕೆ ಬೇಕಾಯಿತೋ ತಿಳಿಯದು.

ಸಂಜೆ ಯಜಮಾನರಿಗೆ ಫೋನು ಮಾಡಿ, ಹೊಸ ಕಾರಿನಲ್ಲಿ ನನ್ನ ಕಡೆಯ ಬ್ರೇಕು ಗಟ್ಟಿಯಾಗಿದೆಯೋ ಒತ್ತಿ ನೋಡಿ ಎಂದೆ. ಅವರು ಅದೇ ಮಾತನ್ನು ಎರಡೆರಡು ಸಲ ಹೇಳಿಸಿದರು. ಇವತ್ತು ಎಲ್ಲರಿಗೂ ಏನೋ ಆಗಿದೆ.

ಹೊದಿಕೆ ಇನ್ನೂ ಒಣಗಿಲ್ಲ. ಬೆಳಿಗ್ಗೆ ಕ್ಲಚ್ಚಮ್ಮ ಬರುತ್ತಾಳೆ. ಅದಕ್ಕೆ ಮೊದಲು ವೈಪರ್ ಬ್ಲೇಡು ತರಬೇಕು.